ದಿನಾ ಬೆಳಗ್ಗೆ ಎತ್ತಿದ ಚಾಪೆ

ವೇದಿಕೆಯ ಮೇಲಿರುವ ಊರ ಮುಖ್ಯಸ್ಥರ ಸಭೆಯ ಅಧ್ಯಕ್ಷರೇ, ಪೂಜ್ಯ ಪಾದ್ರಿಗಳೇ, ಪಾದ್ರಿಗಳ ಪ್ರವಚನ ಎಲ್ಲಿಗೆ ಮುಗಿಯಬೇಕೆಂದು ಕೆಮ್ಮಿ ತಿಳಿಸುವ ಅವರ ಮಡದಿಯವರೇ, ನ್ಯೂಜಿಲೆಂಡಿನಿಂದ ನಮ್ಮ ದ್ವೀಪದವರೆಗೂ ಬಂದ ಡಾಕ್ಟರಮ್ಮನವರೇ, ಮಹಿಳಾ ಸಮಿತಿಯ ಅಕ್ಕತಂಗಿಯರೇ, ಹೊರಗೆ ದೀವಿಹಲಸಿನ ನೆರಳಲ್ಲಿ ಕೂತು ಸುಟ್ಟ ಹಂದಿಯ ಪರಿಮಳಕ್ಕೆ ಮೂಗೊಡ್ಡಿರುವ ತರುಣರೇ, ಎಲ್ಲ ಸಭಿಕರೇ.

ನಮ್ಮ ವೈಸಿನಾ ಊರಿನ ಮನೆ-ಆರೈಕೆ ಬಳಗದ ವಾರ್ಷಿಕೋತ್ಸವದಲ್ಲಿ ನನಗೆ ಹಾರ ಹಾಕಿದ್ದೀರಿ. ಹಾರ ಹಾಕಿದ ಮೇಲೆ ಮಾತಾಡಲೇಬೇಕು, ಅದು ನಮ್ಮ ಸಮೋವಾದ ಪದ್ಧತಿ. ‘ಮರೆವಿನ ಕಾಯಿಲೆ ಮತ್ತು ಕೊನೆಗಾಲದ ಆರೈಕೆಯಲ್ಲಿ ಹೊಸ ದಾರಿಗಳು’ ಎಂಬ ವಿಷಯವನ್ನು ಕೊಟ್ಟಿದ್ದೀರಿ. ಇಷ್ಟು ಉದ್ದದ ವಿಷಯವನ್ನು ಹೊರಲು ನನ್ನ ಹೆಗಲಿಗೆ ಆಗದು. ನನಗೆ ಗೊತ್ತಿರುವುದು ಒಂದೇ ದಾರಿ. ಅದು ಪಾತೂ ಅವರ ಮನೆಯಿಂದ ನಮ್ಮ ಮನೆಯ ಅಂಗಳದವರೆಗೆ ಬರುವ ದಾರಿ. ಅದರ ಬಗ್ಗೆಯೇ ಹೇಳುತ್ತೇನೆ.

ನಾನು ಆಕ್ಲೆಂಡಿನ ವೃದ್ಧರ ಆರೈಕೆ ಮನೆಯೊಂದರಲ್ಲಿ ನರ್ಸಾಗಿ ಬಹಳ ವರ್ಷ ದುಡಿದವಳು. ಒಳ್ಳೆಯ ಮನೆ, ಒಳ್ಳೆಯ ಜನ. ಅಲ್ಲಿ ಮರೆವಿನವರು ಎದ್ದು ಹೋಗದಂತೆ ಬಾಗಿಲಿಗೆ ಗುಂಡಿ ಒತ್ತುವ ಬೀಗವಿತ್ತು. ಊರಿಗೆ ಮರಳಿ ಬಂದಾಗ ನನ್ನ ಚೀಲದಲ್ಲಿ ಅಲ್ಲಿನ ಪಾಠಗಳೆಲ್ಲ ಇದ್ದವು. ಮೊದಲ ಪಾಠ, ಬಾಗಿಲು ಭದ್ರ ಮಾಡಿ. ಯಾವ ಬಾಗಿಲು? ನಮ್ಮ ಮನೆಗಳಿಗೆ ಕಂಬಗಳಿವೆ, ಸೂರಿದೆ, ಗೋಡೆ ಎಲ್ಲಿದೆ? ಗೋಡೆಯೇ ಇಲ್ಲದ ಮೇಲೆ ಬಾಗಿಲಿಗೇನು ಕೆಲಸ? ಆಗ ಸಮಿತಿಯ ಅಕ್ಕಂದಿರು, ‘ಗೋಡೆ ಇಲ್ಲದಿದ್ದರೆ ಏನಾಯ್ತು, ಕಣ್ಣುಗಳಿಲ್ವಾ?’ ಎಂದರು. ದಾರಿಯುದ್ದಕ್ಕೂ ಇರುವ ಒಂದೊಂದು ಮನೆಯೂ ಒಂದೊಂದು ಹೊತ್ತು ಕಾಯುವುದು ಎಂದಾಯಿತು. ಬಳಗ ಹುಟ್ಟಿದ್ದು ಹೀಗೆ.

ಎರಡನೆಯ ಪಾಠವನ್ನು ಇದೇ ಸಭಾಮನೆಯಲ್ಲಿ ನಿಂತು ನಾನೇ ಹೇಳಿಕೊಟ್ಟೆ. ಮರೆವಿನವರ ಜೊತೆ ವಾದಿಸಬೇಡಿ. ಅವರು ಯಾವ ಕಾಲದಲ್ಲಿದ್ದಾರೋ ಆ ಕಾಲಕ್ಕೆ ನೀವು ಹೋಗಿ, ನಮ್ಮ ಕಾಲಕ್ಕೆ ಅವರನ್ನು ಎಳೆಯಬೇಡಿ. ಎಂದೋ ನಿಂತುಹೋದ ಬಾಳೆಗೊನೆಯ ಹಡಗು ಬಂತೇ ಎಂದು ಮರೆವಿನ ತಾಲಾ ಅಜ್ಜಿ ಕೇಳಿದರೆ, ‘ಇನ್ನೂ ಇಲ್ಲ ಅಜ್ಜಿ, ಗಾಳಿ ಸರಿಯಿಲ್ಲ’ ಅನ್ನಿ. ಎಷ್ಟು ಚೆನ್ನಾಗಿ ಹೇಳಿದೆ ನಾನು. ನೀವೆಲ್ಲ ತಲೆದೂಗಿದಿರಿ. ಪಾಠ ಹೇಳುವುದು ಸುಲಭ, ಏಕೆಂದರೆ ತಾಲಾ ಅಜ್ಜಿಯ ಹಡಗು ನಮ್ಮ ಮನೆಯದಲ್ಲ.

ಹೀಗಿರುವಾಗ ಒಂದು ಮುಂಜಾವು ಒಲೆ ಹಚ್ಚಲು ಎದ್ದೆ. ಮನೆ ಮುಂದಿನ ಬೆಣಚುಕಲ್ಲಿನ ಮೇಲೆ ಯಾರೋ ಕೂತಿದ್ದರು. ತಲೆಯಿಂದ ಮೊಣಕಾಲವರೆಗೆ ಕೇದಗೆಯ ನವಿರು ಚಾಪೆ, ಅಂಚಿಗೆ ಕೆಂಪು ಗರಿ. ಪಕ್ಕದಲ್ಲಿ ಸೌದೆ, ಕಲ್ಲು, ಬಾಳೆಎಲೆ.

ಇದೇನೆಂದು ಇಲ್ಲಿ ಕೂತ ಯಾರಿಗೂ ಹೇಳಬೇಕಾಗಿಲ್ಲ. ಡಾಕ್ಟರಮ್ಮನವರಿಗಾಗಿ ಎರಡು ಮಾತು. ಒಬ್ಬನ ಕೈಯಿಂದ ಇನ್ನೊಬ್ಬನ ಜೀವ ಹೋದರೆ, ತಪ್ಪು ಮಾಡಿದವನು ಬೆಳಕು ಹರಿಯುವ ಮೊದಲೇ ನೊಂದವರ ಮನೆ ಮುಂದೆ ಚಾಪೆ ಹೊದ್ದು ಕೂರುತ್ತಾನೆ. ನೆಲದೊಲೆಗೆ ಬೇಕಾದ ಸೌದೆ, ಕಲ್ಲು, ಎಲೆ ತಂದಿರುವುದು ‘ಬೇಕಾದರೆ ನನ್ನನ್ನೇ ಸುಡಿ’ ಎಂಬುದಕ್ಕೆ. ನೊಂದ ಮನೆಯವರು ಬಂದು ಚಾಪೆ ಎತ್ತಿದರೆ ಕ್ಷಮಿಸಿದಂತೆ. ಆಮೇಲೆ ಆ ವಿಷಯ ಎರಡೂ ಮನೆಗಳಲ್ಲಿ ಯಾರ ಬಾಯಲ್ಲೂ ಬರಬಾರದು. ಎಂದೆಂದಿಗೂ.

ನಮ್ಮವರಲ್ಲಿ ಯಾರು ಸತ್ತರು? ಮಲಗಿದ್ದವರ ಮುಖಗಳನ್ನೆಲ್ಲ ನೋಡಿ ಬಂದೆ. ಎಲ್ಲರೂ ಉಸಿರಾಡುತ್ತಿದ್ದರು, ತಮ್ಮ ತವಿತಾ ಗೊರಕೆಯನ್ನೂ ಹೊಡೆಯುತ್ತಿದ್ದ. ಅಷ್ಟರಲ್ಲಿ ಎದುರು ಮನೆಯವರು ನೋಡಿದರು, ಯಾರೋ ಚರ್ಚಿನ ಗಂಟೆ ಬಾರಿಸಿಯೇಬಿಟ್ಟರು. ಪಾದ್ರಿಗಳು ಉಟ್ಟ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಓಡಿ ಬಂದರು. ಕ್ಷಮಿಸಿ ಪಾದ್ರಿಗಳೇ, ಊರೆಲ್ಲ ನೋಡಿದೆ.

‘ಯಾರಮ್ಮ ಸತ್ತಿದ್ದು?’ ಎಂದರು ಪಾದ್ರಿಗಳು.

‘ನಂಗೇನು ಗೊತ್ತು, ಈಗ ತಾನೇ ಎದ್ದೆ.’

‘ನಿಮ್ಮನೆ ಮುಂದೆ ಕೂತಿದಾರೆ, ನಿಮಗೇ ಗೊತ್ತಿಲ್ಲ ಅಂದ್ರೆ?’

‘ಚಾಪೆ ಸ್ವಲ್ಪ ಸರಿಸಿ ಯಾರು ಅಂತ ನೋಡೋಣ,’ ಎಂದ ತವಿತಾ.

‘ಮುಟ್ಟಬೇಡ,’ ಎಂದು ಗದರಿದರು ಇಲ್ಲಿ ಕೂತಿರುವ ಅಧ್ಯಕ್ಷರು. ‘ಸರಿಸಿದ್ರೆ ಕ್ಷಮಿಸಿದ ಹಾಗೇ. ಏನು ತಪ್ಪು ಅಂತ ತಿಳೀದೆ ಹೇಗಯ್ಯ ಕ್ಷಮಿಸ್ತೀಯ?’

ಎಂಥ ಪೇಚು ನೋಡಿ. ಯಾರೆಂದು ತಿಳಿಯಲು ಚಾಪೆ ಎತ್ತಬೇಕು, ಎತ್ತಲು ಯಾರೆಂದು ತಿಳಿದಿರಬೇಕು. ಊರಿನ ಮುಖ್ಯಸ್ಥರೆಲ್ಲ ಅಲ್ಲೇ ಚಕ್ಕಳಮಕ್ಕಳ ಹಾಕಿ ಚರ್ಚೆಗೆ ಕೂತರು. ಸುದ್ದಿ ಅಷ್ಟರಲ್ಲೇ ಕಡಲು ದಾಟಿ, ಆಕ್ಲೆಂಡಿನಿಂದ ನಮ್ಮ ಚಿಕ್ಕಮ್ಮ ಅಳುತ್ತಾ ಫೋನು ಮಾಡಿದಳು. ಆಗ, ಮರೆವಿನ ಕಾಯಿಲೆ ಹಿಡಿದಿದ್ದ ಪಾತೂ ಅವರ ಮಗಳು ಲುಪೆ ಕೆದರಿದ ಕೂದಲಲ್ಲಿ ಓಡುತ್ತ ಬಂದಳು.

‘ಅಪ್ಪನ್ನ ನೋಡಿದ್ರಾ? ಎದ್ದು ಎಲ್ಲೋ ಹೋಗಿದಾರೆ.’ ಹಾಗೆನ್ನುತ್ತಲೇ ಅವಳ ಕಣ್ಣು ಚಾಪೆಯ ಕೆಳಗೆ ಇಣುಕುತ್ತಿದ್ದ ಪಾದದ ಮೇಲೆ ಬಿತ್ತು. ‘ಅಯ್ಯೋ, ಆ ಕಾಲು ನಮ್ಮಪ್ಪಂದು.’

ಹಿರಿಯರಿಗೆಲ್ಲ ತಿಳಿಯಿತು. ಅದು ಅದೇ ಚಾಪೆ.

ನಾನು ಪುಟ್ಟ ಹುಡುಗಿಯಾಗಿದ್ದಾಗ, ನನ್ನ ದೊಡ್ಡಣ್ಣ ಸೇಫಾ ಕೊಬ್ಬರಿ ಮೂಟೆಗಳ ಮೇಲೆ ಕೂತು ಲಾರಿಯಲ್ಲಿ ಹೋದ. ನಡೆಸುತ್ತಿದ್ದವನು ಅವನ ಗೆಳೆಯ ಪಾತೂ. ಇನ್ನೊಂದು ಲಾರಿಯ ಜೊತೆ ಪಂದ್ಯ ಕಟ್ಟಿ ಓಡಿಸಿದ, ಹೊಳೆ ದಾಟುವಲ್ಲಿ ಲಾರಿ ಮಗುಚಿತು, ಸೇಫಾ ಉಳಿಯಲಿಲ್ಲ. ಮರುದಿನ ಮುಂಜಾನೆ ಪಾತೂ ಮತ್ತು ಅವನ ಅಪ್ಪ ಒಂದೇ ಚಾಪೆ ಹೊದ್ದು ನಮ್ಮ ಮನೆ ಮುಂದೆ ಕೂತಿದ್ದರು. ನಮ್ಮಪ್ಪ ಕತ್ತಿ ತೊಡೆಯ ಮೇಲಿಟ್ಟುಕೊಂಡು ಕಂಬಕ್ಕೊರಗಿ ಕೂತವನು ಏಳಲೇ ಇಲ್ಲ. ಕೊನೆಗೆ ಅಮ್ಮ ಹೋಗಿ ಚಾಪೆ ಎತ್ತಿದಳು. ‘ಏಳು ಮಗಾ, ಒಳಗೆ ಬಾ. ಬಿಸಿಲೇರಿತು,’ ಎಂದಳು. ಅಷ್ಟೇ. ಅಂದಿನಿಂದ ನಮ್ಮ ಮನೆಯಲ್ಲಿ ಆ ಸಾವಿನ ಮಾತಿಲ್ಲ. ಸಾವಿನ ಮಾತು ಬರಬಾರದೆಂದು ಸೇಫಾನ ಮಾತೂ ಇಲ್ಲ. ಅವನ ಹೆಸರು ಅಮ್ಮನ ಬಾಯಲ್ಲಿ ಮತ್ತೆ ಕೇಳಿದ್ದು ಅವಳು ಸಾಯುವಾಗ.

ಈಗ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ವಾದಿಸಬೇಡಿ ಎಂದು ಪಾಠ ಹೇಳಿದ್ದ ನರ್ಸಮ್ಮನನ್ನು.

ಚಾಪೆಯೊಳಗಿನಿಂದ ದನಿ ಬಂತು. ‘ಸೇಫಾನ್ನ ಸಾಯಿಸಿದವನು ನಾನು. ಬೆಂಕಿ ನೀವೇ ಹಚ್ಚಿ.’

ನಾನೇನು ಮಾಡಿದೆ? ವಾದಿಸಿದೆ. ‘ಅದೆಲ್ಲ ಮುಗಿದು ಎಷ್ಟೋ ಕಾಲ ಆಯ್ತು. ಅಮ್ಮ ಆವತ್ತೇ ಚಾಪೆ ಎತ್ತಿದಾಳೆ. ಮನೆಗೆ ಹೋಗಿ.’

‘ಎತ್ತಿದ್ರೆ ನಾನ್ಯಾಕೆ ಇಲ್ಲಿ ಕೂತಿದೀನಿ? ಅಮ್ಮನ್ನ ಕರೀರಿ.’

‘ಅಮ್ಮ ಇಲ್ಲ. ತೀರ್ಕೊಂಡ್ಲು.’

ಚಾಪೆ ನಡುಗತೊಡಗಿತು. ‘ಅಮ್ಮನೂ ನನ್ನಿಂದಲೇ ಹೋದ್ಲಾ?’

ಡಾಕ್ಟರಮ್ಮನವರೇ, ಏಕೆ ವಾದಿಸಬಾರದು ಎಂಬುದು ಕೋರ್ಸಿನಲ್ಲಿ ನನಗೆ ಅರ್ಥವಾಗಿರಲಿಲ್ಲ. ಅಂದು ಆ ಬೆಣಚುಕಲ್ಲಿನ ಮೇಲೆ ಅರ್ಥವಾಯಿತು. ಹೋಗಿ ಚಾಪೆ ಎತ್ತಿದೆ. ಬೇರೆ ಮಾತು ಹೊಳೆಯಲಿಲ್ಲ, ಅಮ್ಮನದನ್ನೇ ಹೇಳಿದೆ. ಪಾತೂ ಒಳಗೆ ಬಂದು ಕೂತರು, ಬಿಸಿ ಕೋಕೊ ಕುಡಿದರು. ಕುಡಿದು ಬಟ್ಟಲು ಕೆಳಗಿಟ್ಟು, ‘ಕೋಕೊ ಚೆನ್ನಾಗಿದೆ. ಇದು ಯಾರ ಮನೆ?’ ಎಂದರು.

ಮರುದಿನ ಮುಂಜಾನೆ ಮತ್ತೆ ಕೂತಿದ್ದರು. ಅದರ ಮರುದಿನವೂ.

ಲುಪೆ ಚಾಪೆ ಬಚ್ಚಿಟ್ಟು ನೋಡಿದಳು. ಹಾಸಿಗೆಯ ಬಟ್ಟೆ ಹೊದ್ದು ಬಂದರು. ಅದನ್ನೂ ತೆಗೆದಿಟ್ಟರೆ ಅಕ್ಕಿಚೀಲ ಹೊದ್ದು ಬಂದರು. ಅಷ್ಟು ದೊಡ್ಡ ಮನುಷ್ಯ, ಸಭೆಯಲ್ಲಿ ಮಾತಿಗೆ ನಿಂತರೆ ಕಡಲೂ ಕಿವಿಗೊಡುತ್ತಿತ್ತು, ಅಂಥವರು ಅಕ್ಕಿಚೀಲದ ಕೆಳಗೆ. ಬಳಗದವರು ಕೂತು ತೀರ್ಮಾನಿಸಿದೆವು. ಚಾಪೆ ಅವರ ಕೈಗೆ ಸಿಗುವಲ್ಲೇ ಇರಲಿ. ಅವರು ಹೊರಟಾಗ ಒಂದೊಂದು ಮನೆಯಿಂದ ಒಬ್ಬರು ದೂರದಿಂದ ಕಾಯಲಿ. ಕೊನೆಯ ಮನೆ ನಮ್ಮದು, ಎತ್ತುವುದು ನಮ್ಮ ಪಾಲು.

ತವಿತಾ ಒಪ್ಪಲಿಲ್ಲ. ‘ದಿನಾ ಕ್ಷಮಿಸೋಕೆ ನಾವೇನು ಚರ್ಚಾ?’ ಎಂದ. ‘ಅವನಿಗೇನಕ್ಕ, ಕೋಕೊ ಕುಡಿದು ಮರೀತಾನೆ. ನಮಗೆ?’

‘ಸೌದೆಯಾದ್ರೂ ಬರುತ್ತಲ್ಲ ಬಿಡೋ,’ ಎಂದೆ. ನಿಜಕ್ಕೂ ಕೆಲವು ವಾರ ನಾವು ಸೌದೆ ಕಡಿಯಲು ಕಾಡಿಗೆ ಹೋಗಲಿಲ್ಲ. ಆಮೇಲೊಂದು ದಿನ ನಮ್ಮ ಹಿತ್ತಲಿನ ರಾಶಿ ಕರಗಿರುವುದು ಕಂಡಿತು, ಅವರು ಸೌದೆ ತರುತ್ತಿದ್ದದ್ದು ಅಲ್ಲಿಂದಲೇ.

ನಾನು ಎತ್ತುತ್ತಿದ್ದೆ. ಹಾಸಿಗೆ ಮಡಿಸುವಂತೆ, ಪಾತ್ರೆ ತೊಳೆಯುವಂತೆ, ಕೈ ಎತ್ತುತ್ತಿತ್ತು, ಬಾಯಿ ಅಮ್ಮನ ಮಾತು ಹೇಳುತ್ತಿತ್ತು. ಒಂದು ದಿನ ಒಲೆಯ ಮೇಲೆ ಹಿಟ್ಟು ಬೇಯಿಸುತ್ತಿದ್ದು ತಡವಾಯಿತು. ಓಡಿ ಬಂದು ಉಸಿರು ತಿರುಗಲೆಂದು ಚಾಪೆಯ ಪಕ್ಕದಲ್ಲೇ ಕುಕ್ಕರಿಸಿದೆ. ಏಕೆ ಕೇಳಿದೆನೋ ಗೊತ್ತಿಲ್ಲ.

‘ಸೇಫಾ ಹೇಗಿದ್ದ?’

ಚಾಪೆ ನನ್ನ ಕಡೆ ತಿರುಗಿತು. ‘ಹಾಡ್ತಿದ್ದ. ಕೆಟ್ಟದಾಗಿ. ಚರ್ಚಲ್ಲಿ ಅವನ್ನ ಕೊನೇ ಸಾಲಲ್ಲಿ ನಿಲ್ಲಿಸಿ, ಬಾಯಿ ಮಾತ್ರ ಆಡಿಸು ಅಂತಿದ್ರು.’

ನಾನು ನಕ್ಕುಬಿಟ್ಟೆ. ಚಾಪೆಯೂ ನಕ್ಕಿತು.

‘ಮತ್ತೆ?’

‘ಜರಿ ಹುಳ ಕಂಡ್ರೆ ಪ್ರಾಣ ಬಿಡೋನು. ಅಷ್ಟು ದಪ್ಪ ತೋಳು, ಹುಳಕ್ಕೆ ಹೆದರಿ ನನ್ನ ಬೆನ್ನು ಹತ್ತಿದ್ದ. ಅವನಿಗೊಬ್ಬಳು ತಂಗಿ, ಮಸೀನಾ ಅಂತ. ಯಾವಾಗ್ಲೂ ಹೆಗಲ ಮೇಲೆ ಕೂರಿಸ್ಕೊಂಡು ತಿರುಗ್ತಿದ್ದ. ಒದ್ದೆ ಕೊಬ್ಬರಿ ಮೂಟೆ ಥರ ಭಾರ ಕಣೋ ಅಂತಿದ್ದ. ಇಳಿಸೋ ಮಾರಾಯ ಅಂದ್ರೆ ಇಳಿಸ್ತಿರಲಿಲ್ಲ.’

ಸಭಿಕರೇ, ಆ ಮೂಟೆ ನಾನೇ. ಇದು ನನಗೆ ಯಾರೂ ಹೇಳಿರಲಿಲ್ಲ. ಯಾರು ಹೇಳಬೇಕು? ಹೇಳಬಾರದೆಂದು ನಾವೇ ಬಾಯಿ ಕಟ್ಟಿಕೊಂಡಿದ್ದೆವಲ್ಲ.

ಅಂದಿನಿಂದ ಚಾಪೆ ಎತ್ತುವ ಮೊದಲು ನಾನು ಪಕ್ಕದಲ್ಲಿ ಕೂರುವುದು ರೂಢಿಯಾಯಿತು. ‘ಸೇಫಾ ಏನು ತಿಂತಿದ್ದ? ಯಾರ ಹಿಂದೆ ಬಿದ್ದಿದ್ದ?’ ಹಿಂದೆ ಬಿದ್ದಿದ್ದವರು ಈ ಸಭೆಯಲ್ಲೇ ಮೊಮ್ಮಕ್ಕಳ ಜೊತೆ ಕೂತಿದ್ದಾರೆ, ಹೆಸರು ಹೇಳುವುದಿಲ್ಲ. ಸ್ವಲ್ಪ ದಿನ ಕಳೆದ ಮೇಲೆ ತವಿತಾನೂ ಮೆಲ್ಲಗೆ ಬಂದು ಆ ಕಡೆ ಕೂತ. ಸೇಫಾ ಹೋದಾಗ ಅವನು ತೊಟ್ಟಿಲಲ್ಲಿದ್ದ ಕೂಸು. ಅಣ್ಣನ ಮುಖವೇ ನೆನಪಿಲ್ಲದವನು, ಚಾಪೆಯ ಬಾಯಿಂದ ಅಣ್ಣನನ್ನು ಕೇಳಿಸಿಕೊಂಡ. ಎಲ್ಲವನ್ನೂ ಮರೆಯುತ್ತಿದ್ದ ಮನುಷ್ಯ ನಮ್ಮ ಅಣ್ಣನನ್ನು ಒಂದಿಷ್ಟೂ ಚೆಲ್ಲದೆ ಇಟ್ಟುಕೊಂಡಿದ್ದರು. ಬೆಳಗಾಗುವುದನ್ನೇ ನಾನು ಕಾಯತೊಡಗಿದೆ. ಮಳೆ ಬಂದರೆ ಇವತ್ತು ಬರುವುದಿಲ್ಲವೇನೋ ಎಂದು ಮುಖ ಸಪ್ಪೆಯಾಗುತ್ತಿತ್ತು.

ಆಮೇಲೆ ಅವರ ಕಾಲುಗಳು ಸೋತವು. ಅನ್ನ ಇಳಿಯದಾಯಿತು. ಆಸ್ಪತ್ರೆಗೆ ಬೇಡ, ಮನೆಯಲ್ಲೇ ಇರಲಿ ಎಂದು ಲುಪೆ ಹೇಳಿದಳು. ನೀವೆಲ್ಲ ಸರದಿಯಲ್ಲಿ ಬಂದು ಮಗ್ಗುಲು ತಿರುಗಿಸಿದಿರಿ, ಎಳನೀರು ತುಟಿಗೆ ಸವರಿದಿರಿ. ಜಿಲ್ಲಾಸ್ಪತ್ರೆಯ ನರ್ಸು ನೋವಿನ ಔಷಧಿ ತಂದುಕೊಟ್ಟರು. ನೋವು ತಗ್ಗಿತು. ಆದರೆ ಮುಂಜಾವಾದರೆ ಸಾಕು, ಹೊದಿಕೆ ಕಿತ್ತೆಸೆದು ಏಳಲು ಒದ್ದಾಡುತ್ತಿದ್ದರು. ‘ಹೊತ್ತಾಯ್ತು, ಬಿಡಿ ನನ್ನ. ಕಾಯ್ತಿರ್ತಾರೆ.’ ಅದಕ್ಕೆ ಯಾವ ಔಷಧಿಯೂ ಇರಲಿಲ್ಲ. ಹೀಗೇ ಒದ್ದಾಡುತ್ತಲೇ ಹೋಗಿಬಿಡುತ್ತಾರೋ ಎಂಬುದೊಂದೇ ನಮ್ಮೆಲ್ಲರ ಭಯ.

ಲುಪೆ ಬಂದು, ‘ಅಕ್ಕ, ಅಪ್ಪ ಬರೋಕಾಗಲ್ಲ. ನೀವೇ ಬಂದು ಎತ್ತಿಬಿಡಿ,’ ಎಂದಳು.

ಅವರು ಕೊನೆಯ ಸಲ ಬಂದಾಗ ಚಾಪೆ ನಮ್ಮ ಮನೆಯಲ್ಲೇ ಉಳಿದಿತ್ತು. ಮರುದಿನ ಅದನ್ನು ಹೊತ್ತು ಹೊರಟೆ. ಅವರಿಗೆ ಹೊದಿಸುವುದು, ಎತ್ತುವುದು, ಅಮ್ಮನ ಮಾತು ಹೇಳುವುದು. ಇಷ್ಟೇ ನನ್ನ ಯೋಚನೆ. ಹೋದಾಗ ಅವರಿಗೆ ಆಗಷ್ಟೇ ಜೊಂಪು ಹತ್ತಿತ್ತು. ಎಬ್ಬಿಸಲು ಮನಸ್ಸಾಗದೆ ಮನೆ ಮುಂದಿನ ಕಲ್ಲಿನ ಮೇಲೆ ಕೂತೆ. ಅವರ ಮನೆ ಮೂಡಣಕ್ಕೆ ಮುಖ ಮಾಡಿದೆ, ನಿಮಗೆ ಗೊತ್ತು. ಕಡಲಿನಿಂದೆದ್ದ ಬಿಸಿಲು ನನ್ನ ನೆತ್ತಿ, ಬೆನ್ನು ಸುಡತೊಡಗಿತು. ತೊಡೆಯ ಮೇಲಿದ್ದ ಚಾಪೆಯನ್ನೇ ತಲೆಗೆ ಎಳೆದುಕೊಂಡೆ. ತಂಪಾಗಿತ್ತು. ಕಣ್ಣು ಮುಚ್ಚಿದೆ.

ಒಳಗಿನಿಂದ ಅವರ ದನಿ ಕೇಳಿಸಿತು. ‘ಲುಪೆ, ನನ್ನ ಎತ್ತಿ ಕೂರಿಸು. ಹೊರಗೆ ಯಾರೋ ಕೂತಿದಾರೆ. ಎಷ್ಟು ಹೊತ್ತಿಂದ ಕೂರಿಸಿದೀರ, ನಾಚಿಕೆ ಆಗಲ್ವಾ ನಿಮಗೆ?’

ಆ ದನಿ ರೋಗಿಯದಲ್ಲ, ಮನೆಯ ಯಜಮಾನನದು. ನಾನು ಚಾಪೆ ತೆಗೆಯಬಹುದಿತ್ತು. ಬಿಸಿಲಿಗೆ ಹಾಕಿಕೊಂಡೆ ಎನ್ನಬಹುದಿತ್ತು. ತೆಗೆಯಲಿಲ್ಲ. ಅವರನ್ನು ಹಾಸಿಗೆ ಸಮೇತ ಎತ್ತಿ ಹೊರಗೆ ತಂದ ಸದ್ದು ಕೇಳಿಸಿತು. ಅವರ ಬೆರಳು ಚಾಪೆಯ ಅಂಚನ್ನು ಹುಡುಕಿತು. ಬೆಳಕು ಬಂತು.

‘ಏಳು ಮಗಳೇ, ಒಳಗೆ ಬಾ,’ ಎಂದರು. ‘ಏನು ತಪ್ಪಾಯ್ತು ಅಂತ ನಾನು ಕೇಳಲ್ಲ. ಬಿಸಿಲೇರಿತು.’

ನಾನು ಯಾವ ತಪ್ಪಿಗೆ ಕೂತಿದ್ದೆ? ಇವತ್ತಿಗೂ ಗೊತ್ತಿಲ್ಲ. ಆದರೆ ಅಷ್ಟು ವರ್ಷಗಳಿಂದ ಎದೆಯಲ್ಲಿ ಕತ್ತಿ ಹಿಡಿದು ಕಂಬಕ್ಕೊರಗಿ ಕೂತಿದ್ದ ಯಾರೋ ಆಗ ಎದ್ದು ಹೋದರು. ಒಳಗೆ ಹೋದೆವು. ಲುಪೆ ಕೋಕೊ ಮಾಡಿದಳು. ನಾನು ಕುಡಿದೆ, ಅವರಿಗೆ ಎರಡು ಹನಿ ತುಟಿಗೆ ಹಚ್ಚಿದೆ. ‘ಚೆನ್ನಾಗಿದೆ ಅಣ್ಣ,’ ಎಂದೆ. ಅಣ್ಣ ಎಂದು ಕರೆದದ್ದು ಅದೇ ಮೊದಲು.

ಮರುದಿನ ಮುಂಜಾನೆ ಅವರು ಏಳಲು ಒದ್ದಾಡಲಿಲ್ಲ. ಅದರ ಮರುದಿನವೂ ಇಲ್ಲ. ಭಾನುವಾರ ಚರ್ಚಿನಲ್ಲಿ ನೀವು ಹಾಡುತ್ತಿರುವಾಗ, ನಿದ್ದೆಯಲ್ಲೇ ಹೋದರು. ಆ ಚಾಪೆಯನ್ನೇ ಹೊದಿಸಿದೆವು. ಅದನ್ನು ಈ ಸಲ ಯಾರೂ ಎತ್ತಲಿಲ್ಲ.

ಅಧ್ಯಕ್ಷರೇ, ಮುಗಿದ ವಿಷಯವನ್ನು ಇಡೀ ಊರಿನ ಮುಂದೆ ಮಾತಾಡಿದ್ದೇನೆ. ಪದ್ಧತಿಯಂತೆ ನಮ್ಮ ಮನೆಗೆ ದಂಡ ಬೀಳಬೇಕು. ಹಾಕಿ. ತವಿತಾನ ಹಂದಿಗಳು ಚೆನ್ನಾಗಿ ಕೊಬ್ಬಿವೆ. ಆದರೆ ದಂಡ ಹಾಕುವ ಮೊದಲು ಬರೆದುಕೊಳ್ಳಿ, ನನ್ನ ದೊಡ್ಡಣ್ಣನ ಹೆಸರು ಸೇಫಾ, ಅವನು ತುಂಬ ಕೆಟ್ಟದಾಗಿ ಹಾಡುತ್ತಿದ್ದ.

ಹಾರ ಹಾಕಿದ ಕೈಗಳಿಗೆ, ದಾರಿಯುದ್ದಕ್ಕೂ ಕಾದ ಕಣ್ಣುಗಳಿಗೆ, ತನ್ನ ಅಪ್ಪನನ್ನು ನಮಗೂ ಹಂಚಿದ ಲುಪೆಗೆ ನಾನು ಋಣಿ. ಹೊರಗೆ ಕೂತ ತರುಣರೇ, ಆ ಮರದ ನೆರಳು ಸರಿದು ಎಷ್ಟೋ ಹೊತ್ತಾಯಿತು. ಏಳಿ ಮಕ್ಕಳೇ, ಒಳಗೆ ಬನ್ನಿ. ಬಿಸಿಲೇರಿತು. ಎಲ್ಲರಿಗೂ ನಮಸ್ಕಾರ.