ತಡಾಲಾ ನೀರು ಕುಡಿಯದ ಶಾಲೆ

ಆಫ್ರಿಕಾದಲ್ಲಿ ಮಲಾವಿ ಎಂಬ ದೇಶವಿದೆ. ಅಲ್ಲಿನ ಒಂದು ಹಳ್ಳಿಯಲ್ಲಿ ಮೆಕ್ಕೆಜೋಳದ ಗಿರಣಿ ನಡೆಸುವ ಶ್ರೀಮಂತನೊಬ್ಬನಿದ್ದ. ಕೆಟ್ಟವನಲ್ಲ ನೋಡಿ, ಖಂಡಿತ ಕೆಟ್ಟವನಲ್ಲ. ಮಕ್ಕಳು ಮರದಡಿ ಕೂತು ಓದುವುದನ್ನು ನೋಡಲಾರದೆ ತನ್ನ ಹೊಲದಲ್ಲೇ ಶಾಲೆ ಕಟ್ಟಿಸಿದ. ಇಟ್ಟಿಗೆಯ ಗೋಡೆ, ತಗಡಿನ ಸೂರು, ಸುತ್ತ ಕಾಂಪೌಂಡು. ಉದ್ಘಾಟನೆಯ ದಿನ, "ಇದು ಊರಿನ ಎಲ್ಲ ಮಕ್ಕಳ ಶಾಲೆ" ಎಂದು ಭಾಷಣ ಮಾಡಿದ.

ಎಲ್ಲ ಮಕ್ಕಳ ಶಾಲೆ! ಆ ಮಾತನ್ನು ನಂಬಿ ಒಬ್ಬ ವಿಧವೆ ಬಂದಳು. ಬೆನ್ನಿಗೆ ಬಟ್ಟೆಯಲ್ಲಿ ಕಟ್ಟಿಕೊಂಡು ತಂದದ್ದು ಕೂಸನ್ನಲ್ಲ, ಹತ್ತು ವರ್ಷದ ಮಗಳು ತಡಾಲಾಳನ್ನು. ಹುಟ್ಟಿನಿಂದಲೇ ಕಾಲಿನಲ್ಲಿ ಬಲವಿಲ್ಲ. ಕೈಯೂರಿ ತೆವಳುವ ಹುಡುಗಿ. ಹೆಡ್‌ಮಾಸ್ಟರು ಸೇರಿಸಿಕೊಂಡರು. ಲೆಕ್ಕದಲ್ಲಿ ಅವಳು ಎಲ್ಲರಿಗಿಂತ ಮುಂದಾದಳು. ಬಂದವರಿಗೆಲ್ಲ ಶ್ರೀಮಂತ ಅವಳನ್ನು ತೋರಿಸಿ ಹಿಗ್ಗುತ್ತಿದ್ದ.

ಬೇಸಿಗೆಯ ಒಂದು ಮಧ್ಯಾಹ್ನ ತಡಾಲಾ ಪಾಠದ ನಡುವೆಯೇ ಪ್ರಜ್ಞೆ ತಪ್ಪಿ ಬಿದ್ದಳು. ತಾಯಿ ಓಡಿ ಬಂದಳು. ಶ್ರೀಮಂತನೂ ಮಗಳು ಎಸ್ನಾತಳ ಜೊತೆ ಬಂದ. ಗಾಬರಿಯಲ್ಲಿ ಅವನಿಗೆ ಸಿಟ್ಟೇ ಬಂತು.

"ಇದೇನು ಆಸ್ಪತ್ರೆಯೇನಮ್ಮ? ಹೆಚ್ಚು ಕಮ್ಮಿ ಆದ್ರೆ ಯಾರು ಜವಾಬ್ದಾರಿ? ಮನೇಲೇ ಇಟ್ಕೋ ಇವಳನ್ನ."

ತಾಯಿ ಮಗಳನ್ನು ಹೊರಲು ಬಟ್ಟೆ ಹಾಸಿದಳು. ಅಷ್ಟರಲ್ಲಿ ಹುಡುಗಿ ಕಣ್ಣು ಬಿಟ್ಟಳು. ಹೆಡ್‌ಮಾಸ್ಟರು ಅವಳ ಒಣಗಿದ ತುಟಿ ನೋಡಿ ಕೇಳಿದರು: "ಬೆಳಿಗ್ಗೆಯಿಂದ ನೀರು ಕುಡಿದಿಲ್ವಾ ಮಗಳೇ?"

"ಸ್ಕೂಲಿರೋ ದಿನ ಕುಡಿಯಲ್ಲ ಸಾರ್. ಕುಡಿದ್ರೆ ಪಾಯಖಾನೆಗೆ ಹೋಗ್ಬೇಕು. ಎಲ್ಲರೂ ಕಾಲಿಡೋ ಗಲೀಜಲ್ಲಿ ನಾನು ಕೈ ಇಡ್ಬೇಕು. ಬಾಗಿಲೂ ಇಲ್ಲ. ದೊಡ್ಡ ಹುಡುಗ್ರು ನಿಂತು ನಗ್ತಾರೆ."

"ಒಬ್ಬಳಿಗೋಸ್ಕರ ಏನ್ ಮಾಡೋಕಾಗುತ್ತೆ?" ಎಂದ ಶ್ರೀಮಂತ.

ಆಗ ಎಸ್ನಾತ್ ಬಾಯಿ ತೆರೆದಳು. ಅವಳು ಶಾಲೆ ಬಿಟ್ಟು ಕೆಲವು ತಿಂಗಳಾಗಿತ್ತು.

"ಅಪ್ಪಾ, ನಾನೂ ಕುಡೀತಿರ್ಲಿಲ್ಲ."

"ನಿನಗೇನಾಗಿದೆ? ಕಾಲು ನೆಟ್ಟಗಿವೆಯಲ್ಲ!"

"ಕಾಲಿದ್ರೆ ಸಾಕಾ? ಬಾಗಿಲು ಬೇಡ್ವಾ? ಅದಕ್ಕೇ ನಾನು ಸ್ಕೂಲು ಬಿಟ್ಟಿದ್ದು. ಬೇರೆ ಹುಡುಗೀರೂ ಅದಕ್ಕೇ ಬಿಟ್ರು."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ ಅಪ್ಪಾ. ನಿನ್ ತಲೆಗೆ ಓದು ಹತ್ತಲ್ಲ ಅಂತ ಬೈದೆ, ಅಷ್ಟೆ."

ಶ್ರೀಮಂತ ಶಾಲೆಯ ಹಿಂದಿದ್ದ ಪಾಯಖಾನೆಗೆ ನಡೆದ. ಕಟ್ಟಿಸಿದವನು ಅವನೇ, ಆದರೆ ಅತ್ತ ಒಮ್ಮೆಯೂ ಹೋದವನಲ್ಲ. ಒಳಗೆ ನಿಂತು ನೋಡಿದರೆ ಇಡೀ ಆಟದ ಬಯಲು ಕಾಣುತ್ತಿತ್ತು. ಅಂದರೆ ಬಯಲಿನಲ್ಲಿ ಇರುವವರಿಗೆಲ್ಲ ಒಳಗಿನವರು ಕಾಣುತ್ತಿದ್ದರು!

ತಕ್ಷಣ ಬದಲಾದನೇ? ಇಲ್ಲ. ನಾಲ್ಕು ಜನರ ಎದುರು ಮಾನ ಕಳೆದಳೆಂದು ಮೊದಲು ಮಗಳ ಮೇಲೇ ಕೋಪಗೊಂಡ. ಆದರೆ ಮಾರನೆಯ ದಿನ ಗಾರೆಯವನನ್ನೂ ಬಡಗಿಯನ್ನೂ ಕರೆತಂದ. ಹುಡುಗಿಯರಿಗೆ ಬೇರೆ ಪಾಯಖಾನೆ, ಬಾಗಿಲು, ಒಳಗಿನಿಂದ ಚಿಲಕ, ಹಿಡಿದುಕೊಳ್ಳಲು ಕಂಬಿ, ತೊಳೆಯಬಹುದಾದ ನೆಲ. ಎಲ್ಲವೂ ಆಯಿತು.

ಆದರೆ ನೋಡಿ, ಬಾಗಿಲು ಕಣ್ಣನ್ನು ತಡೆಯುತ್ತದೆ, ನಗುವನ್ನು ತಡೆಯುತ್ತದೆಯೇ? ಹುಡುಗರ ತಂದೆಯರನ್ನು ಕರೆಸಿದಾಗ ಅವರು, "ಹುಡುಗಾಟ, ಬಿಡಿ" ಎಂದರು. ಶ್ರೀಮಂತ ಬಿಡಲಿಲ್ಲ. "ಆ ನಗು ನಿಲ್ಲೋ ತನಕ ಆಟದ ಹೊತ್ತಲ್ಲಿ ನಾನೇ ಬಂದು ಇಲ್ಲಿ ಕೂರ್ತೀನಿ" ಎಂದ. ಗಿರಣಿ ಬಿಟ್ಟು ಬಂದು ಕೂತ. ನಗು ನಿಂತಿತು. ತಡಾಲಾ ಮರಳಿದಳು, ಎಸ್ನಾತಳೂ ಮರಳಿದಳು. ಶಾಲೆ ಬಿಟ್ಟ ಕೆಲವು ಹುಡುಗಿಯರು ಮಾತ್ರ ಬರಲೇ ಇಲ್ಲ. ಅಷ್ಟರಲ್ಲಿ ಅವರ ಮದುವೆ ಆಗಿಹೋಗಿತ್ತು.

ಅಯ್ಯೋ ಪಾಪ, ದೂರದ ದೇಶ ಎನ್ನುತ್ತೀರಾ? ನಮ್ಮ ಶಾಲೆಯ ಹಿಂಬದಿಗೆ ನೀವು ಹೋಗಿ ಎಷ್ಟು ಕಾಲವಾಯಿತು? ಫ್ಯಾನು ಕೊಡುತ್ತೇವೆ, ಅದರ ಮೇಲೆ ಹೆಸರು ಬರೆಸುತ್ತೇವೆ. ಚಿಲಕವಿದೆಯೇ ಎಂದು ಕೇಳಿದ್ದೇವೆಯೇ?

ಇವತ್ತು ಮನೆಗೆ ಹೋಗಿ ಮಕ್ಕಳ ಮಾರ್ಕ್ಸು ಕೇಳಬೇಡಿ. "ನಿಮ್ಮ ಕ್ಲಾಸಲ್ಲಿ ಯಾರ ಪಕ್ಕ ಯಾರೂ ಕೂರಲ್ಲ?" ಎಂದು ಕೇಳಿ. ಮಗು ಒಂದು ಹೆಸರು ಹೇಳುತ್ತದೆ. ನೀವೇ 'ಆ ಕೇರಿಯವರ ಜೊತೆ ಸೇರಬೇಡ' ಎಂದಿದ್ದ ಮನೆಯ ಮಗುವೇ ಆಗಿರಬಹುದು. ನಾಳೆ ನಿಮ್ಮ ಮಗುವನ್ನು ಅಲ್ಲೇ ಕೂರಿಸಿ. ಸಂಜೆ ನೀವು ಆ ಮನೆಗೆ ಹೋಗಿ. "ಸ್ಕೂಲಲ್ಲಿ ನಿಮ್ಮ ಮಗುಗೆ ಏನಮ್ಮ ಕಷ್ಟ?" ಎಂದು ಕೇಳಿ. ಆ ತಾಯಿ ಹೇಳಿ ಮುಗಿಸುವವರೆಗೆ ಎದ್ದು ಬರಬೇಡಿ.