ಬೆರಳು ಚೀಪುವ ಕರು

“ಕರಾ ಸತ್ರ ಸಾಯಲಿ. ನೀ ಮೊದಲ ಮನಷ್ಯಾರ ದವಾಖಾನಿಗೆ ನಡಿ.”

ಹುನಗುಂದದ ದನದ ದವಾಖಾನೆಯ ಪಾಳಿಯಲ್ಲಿ ನನ್ನ ಎದುರು ಕುಳಿತಿದ್ದ ನೀಲಪ್ಪ ಹೆಂಡತಿ ಶಾರವ್ವನ ಮೇಲೆ ಹೀಗೆ ಒದರುತ್ತಿದ್ದ. ಅವಳ ತೊಡೆಯ ಮೇಲೆ ತಬ್ಬಲಿ ಕರು ತಲೆಯಿಟ್ಟಿತ್ತು. ಅದಕ್ಕೂ ಅವಳಿಗೂ ಭೇದಿ.

“ಸಾಯಲಿ ಅಂತ ಯಾವ ಬಾಯಿಲೆ ಅಂದ್ರಿ?”

“ನಿನ್ನಿ ಡಾಕ್ಟರ್ ಏನಂದ್ರು? ಇದರ ಸೆಗಣ್ಯಾಗ ಸಿಕ್ಕ ಹುಳ ನಿನ್ನ ಹೊಟ್ಟ್ಯಾಗೂ ಇರಬಹುದು, ಚೆಕ್ ಮಾಡಸ್ರಿ ಅಂದ್ರಿಲ್ಲ?”

“ನಾ ಹೋದ್ರ ಹಾಲು ಕುಡಿಸಾವ್ರು ಯಾರು? ನನ್ನ ಬೆರಳು ಚೀಪಿದ್ರಷ್ಟ ಕುಡಿತೈತಿ.”

“ಆ ಬೆರಳಿನಿಂದನ ನಿನಗ ಹತ್ತೈತಿ. ನಾ ಕುಡಸ್ತೇನಿ.”

“ನಿಮ್ಮ ಬೆರಳು ತಂಬಾಕ ನಾರತಾವ.”

“ತೊಳಕೋತೇನಿ.”

“ಕುಡಿಸಿದ ಮ್ಯಾಲೂ ಸಬಕಾರ ಹಚ್ಚಿ ತೊಳಕೋರಿ. ನಿಮಗೂ ಹತ್ತೀತು.”

ಅವನು ನಲ್ಲಿಯಲ್ಲಿ ಕೈ ಉಜ್ಜಿಕೊಂಡು ಬಂದು, ಬೆರಳನ್ನು ಶಾರವ್ವ ತಂದಿದ್ದ ಬಟ್ಟಲಿನ ಹಾಲಿಗೆ ಅದ್ದಿ ಕರುವಿನ ಬಾಯಿಗಿಟ್ಟ. ಕರು ಮುಖ ತಿರುವಿತು.

“‘ಬಾ ನನ್ನವ್ವ’ ಅನ್ರಿ. ಅಂದ್ರನ ಬರತೈತಿ.”

“ಮಂದಿ ಅದಾರ.”

“ಇರಲಿ.”

“ಬಾ ನನ್ನವ್ವ.”

ಹಿಂದೆ ಒಬ್ಬ ನಕ್ಕ. ನಾನು ಗದರಿಸಿ ಬಾಯಿ ಮುಚ್ಚಿಸಿದೆ. ಕರು ಚೀಪತೊಡಗಿತು.

ಶಾರವ್ವ ಸದ್ದಿಲ್ಲದೆ ಎದ್ದು ಗೇಟು ದಾಟಿ ಮನುಷ್ಯರ ದವಾಖಾನೆಯ ಕಡೆ ಹೋದಳು. ನನ್ನ ಪಾಳಿ ಮುಗಿದರೂ ಅವಳು ಬರಲಿಲ್ಲ. ಹಾಲಿನ ಬಟ್ಟಲು ಬರಿದಾಗಿದ್ದರೂ ನೀಲಪ್ಪ ಕರುವಿನ ಬಾಯಿಂದ ಬೆರಳು ತೆಗೆದಿರಲಿಲ್ಲ.