ಕೆಂಪು ಗೆರೆ ದಾಟಿದ ಪ್ರೆಷರ್

ಕೋಲಾರದ ಆಸ್ಪತ್ರೆ ಜಗಲಿಯಲ್ಲಿ ನಾನು ಕೇಳದ ಜಗಳವೇ ಇಲ್ಲ. ಇದರಲ್ಲಿ ಅರ್ಧ ಸುಳ್ಳು, ಒಪ್ಪಿದೆ. ಆದರೆ ಈ ಜಗಳ ಮಾತ್ರ ಕಿವಿಯಾರೆ ಕೇಳಿದ್ದು. ರೇಷ್ಮೆ ಕಾರ್ಖಾನೆಯ ಬಾಯ್ಲರ್ ನೋಡಿಕೊಳ್ಳುವ ಬಚ್ಚಪ್ಪ ಡಾಕ್ಟರ ಕೋಣೆಯಿಂದ ಹೊರಬಂದ. ಹಿಂದೆಯೇ ಅವನ ಅಕ್ಕ ಆವಲಮ್ಮ. ಅವಳ ಕೂಗಿಗೆ ಮುಳಬಾಗಲಿನವರೂ ಎದ್ದು ಕೂತಿರಬೇಕು.

“ಬ್ಲಡ್ ಪ್ರೆಷರ್ ಏರೈತೆ, ಒಂದು ತಿಂಗಳು ಮನೇಲಿ ಮಲ್ಕೋ ಅಂದ್ರಲ್ಲ, ಎಲ್ಲಿಗ್ಲಾ ಹೊರಟೆ?”

“ಕಾರ್ಖಾನೆಗೆ. ಪ್ರೆಷರ್ ಏರಿದ್ರೇನೇ ಅಕ್ಕಾ ಬಾಯ್ಲರ್ ಕೆಲಸ ಮಾಡೋದು. ಉಗಿ ರೈಲೂ ಅಷ್ಟೇ. ನಂಗೇ ಹೇಳ್ಕೊಡ್ತಾರಾ ಡಾಕ್ಟ್ರು?”

“ಬಾಯ್ಲರ್ ಮೀಟರಿನ ಮುಳ್ಳು ಕೆಂಪು ಗೆರೆ ದಾಟಿದ್ರೆ ಏನ್ ಮಾಡ್ತೀಯ?”

“ಬೆಂಕಿ ಎಳೆದು ಹಾಕ್ತೀನಿ. ಧಣಿ ಬಂದು ಕಾಲಿಗೆ ಬಿದ್ರೂ ಮತ್ತೆ ಹಚ್ಚಲ್ಲ. ಸಿಡಿದ್ರೆ ನೂಲು ತೆಗೆಯೋ ಹೆಣ್ಮಕ್ಕಳೆಲ್ಲ ಸಾಯ್ತಾರೆ.”

“ಥೂ ನಿನ್ನ! ಆ ಕಬ್ಬಿಣದ ಹಂಡೆಗಿರೋ ಮರ್ಯಾದೆ ನಿನ್ನ ತಲೆಗಿಲ್ವೇನ್ಲಾ? ಇದು ಸಿಡಿದ್ರೆ ನಿನ್ನ ಹೆಂಡ್ತಿ ಮಕ್ಕಳನ್ನ ಯಾರ್ಲಾ ನೋಡೋರು?”

ಅಷ್ಟರಲ್ಲಿ ಕಾರ್ಖಾನೆಯ ಸಿಳ್ಳೆ ಕೂಗಿತು. ಅಕ್ಕ ಅವನ ರಟ್ಟೆ ಹಿಡಿದಳು. ಇಬ್ಬರೂ ಗೇಟು ದಾಟಿದರು. ಅಲ್ಲಿಂದ ಎಡಕ್ಕೆ ಕಾರ್ಖಾನೆ, ಬಲಕ್ಕೆ ಅವರೂರು ಕ್ಯಾಲನೂರಿನ ದಾರಿ. ಯಾವ ಕಡೆ ತಿರುಗಿದರು? ನೀವೇ ಹೇಳಿ, ನೋಡೋಣ.